ಎಂಟು ದಿನಕ್ಕೊಮ್ಮೆ ನೀರು

ಬೆಂಗೇರಿಯ ರಾಜಶೇಖರ ಹೊಂಬಳ ಅವರನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನೋಡದವರು ಕಡಿಮೆ, ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಹೆಗಲಿಗೆ ಬಟ್ಟೆಯ ಚೀಲ, ಕಿಸೆಯಲ್ಲಿ ಎರಡು ಪೆನ್ನು, ಸವೆದು ಒಂದು ಕಡೆ ವಾಲಿದ ಚಪ್ಪಲಿ. ಮಧ್ಯಾಹ್ನ ಉಂಡು ಇನ್ನೇನು ಅಡ್ಡಾಗಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತು, ಐದೇ ನಿಮಿಷ ಎಂದು ಕೈಮುಗಿಯುವ ಮನುಷ್ಯ ಅವರೇ. ಆ ಐದು ನಿಮಿಷ ಮುಕ್ಕಾಲು ತಾಸಾಗುತ್ತದೆ ಎಂಬುದು ಅವರಿಗೂ ಗೊತ್ತು. ಮೂವತ್ತೊಂದು ವರ್ಷದಿಂದ ಅದೊಂದೇ ಸುಳ್ಳನ್ನು ಹೇಳುತ್ತ ಬಂದವರು ಅವರು. ಬೇರೆ ಸುಳ್ಳು ಹೇಳಿದ ದಾಖಲೆ ಇಲ್ಲ.

ಮನೆಯಲ್ಲಿ ಎಷ್ಟು ಮಂದಿ, ಶೌಚಾಲಯ ಇದೆಯೇ, ಇದ್ದರೆ ಬಳಸುತ್ತೀರೋ ಕಟ್ಟಿಗೆ ತುಂಬಿದ್ದೀರೋ, ಹುಡುಗಿ ಯಾವ ಇಯತ್ತೆಗೆ ಸಾಲೆ ಬಿಟ್ಟಳು, ವಿಧವಾ ವೇತನ ಕೈಗೆ ಎಷ್ಟು ಬರುತ್ತದೆ, ನಡುವೆ ಯಾರು ಎಷ್ಟು ಮುರಿದುಕೊಳ್ಳುತ್ತಾರೆ. ಇಂಥ ಪ್ರಶ್ನೆಗಳನ್ನು ಅವರು ಕೇಳಿದ ಹೊಸ್ತಿಲುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವರು ತಂದುಕೊಟ್ಟ ಉತ್ತರಗಳ ಮೇಲೆ ದಪ್ಪ ದಪ್ಪ ವರದಿಗಳು ಎದ್ದಿವೆ. ಆ ವರದಿಗಳ ರಟ್ಟಿನ ಮೇಲೆ ಡಾಕ್ಟರುಗಳ ಹೆಸರಿರುತ್ತದೆ. ಕೊನೆಯ ಪುಟದಲ್ಲಿ, ಚಹಾ ಕೊಟ್ಟವರ ಹೆಸರೂ ಮುಗಿದ ಮೇಲೆ, 'ಕ್ಷೇತ್ರ ಸಿಬ್ಬಂದಿಗೂ ಕೃತಜ್ಞತೆಗಳು' ಎಂದಿರುತ್ತದೆ. ಆ ಸಿಬ್ಬಂದಿ ಎಂದರೆ ರಾಜಶೇಖರ. ಇದಕ್ಕೆ ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಸ್ತಿಲು ಹತ್ತಿ ಇಳಿಯುವವನಿಗೆ ಸಿಟ್ಟಿಗಿಂತ ಮೊದಲು ಮೊಣಕಾಲು ನೋವು ಬರುತ್ತದೆ.

ಅವರು ಕೆಲಸ ಮಾಡುತ್ತಿದ್ದ ಜನಜೀವನ ಅಧ್ಯಯನ ಕೇಂದ್ರ ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಹಂಚಿನ ಮನೆಯಲ್ಲಿದೆ. ಮೂವರು ನಿವೃತ್ತ ಪ್ರೊಫೆಸರುಗಳು ತಮ್ಮ ಕೈಯಿಂದ ಹಣ ಹಾಕಿ ಕಟ್ಟಿದ ಸಂಸ್ಥೆ. ಲಾಭದ ಮಾತೇ ಇಲ್ಲ. ಸರ್ಕಾರದ ಯೋಜನೆ ಜನರಿಗೆ ಮುಟ್ಟಿತೋ ಇಲ್ಲವೋ ಎಂದು ಜನರನ್ನೇ ಕೇಳಿ, ಬರೆದು, ತೀರ್ಮಾನ ಮಾಡುವವರ ಮೇಜಿನ ಮೇಲೆ ಇಡುವುದೇ ಅದರ ಉದ್ಯೋಗ. ಹನ್ನೊಂದು ಮಂದಿ ಸಿಬ್ಬಂದಿಯಲ್ಲಿ ನಾಲ್ವರ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತಿತ್ತು. ಉಳಿದ ಏಳು ಮಂದಿಯ ಹೊಟ್ಟೆ ತುಂಬುತ್ತಿದ್ದುದು ಹೊರಗಿನ ಟ್ರಸ್ಟುಗಳು ಕೊಡುವ ಯೋಜನೆಗಳಿಂದ. ಆ ಹಣ ಕಂತು ಕಂತಾಗಿ ಬರುವಂಥದ್ದು. ಕರಾರಿಗೆ ಒಂದು ಕಂತು, ಕರಡು ವರದಿಗೆ ಒಂದು, ಅಂತಿಮ ವರದಿಗೆ ಇನ್ನೊಂದು. ಒಂದು ಯೋಜನೆ ಮುಗಿದು ಮತ್ತೊಂದು ಹುಟ್ಟುವ ನಡುವೆ ಕೇಂದ್ರದಲ್ಲಿ ಎಲ್ಲರೂ ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ಬಡತನದ ಬಗ್ಗೆ ಬರೆಯುವವರಿಗೆ ಅದರ ರುಚಿಯೂ ಇರಲಿ ಎಂದು ದೇವರು ಮಾಡಿದ ಏರ್ಪಾಡು ಇರಬೇಕು.

ಎರಡು ವರ್ಷದಿಂದ ಅನುದಾನವೂ ಕುಂಟುತ್ತಿತ್ತು. ಮೂರು ತಿಂಗಳ ಪಗಾರ ಬಾಕಿ. ನಿರ್ದೇಶಕಿ ಸುಹಾಸಿನಿ ಗಲಗಲಿ ಎಂಟು ತಿಂಗಳಿಂದ ತಮ್ಮ ಸಂಬಳ ಮುಟ್ಟಿರಲಿಲ್ಲ. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಆಟೋ ಬಿಟ್ಟು ನಡೆದು ಬರತೊಡಗಿದಾಗ ಎಲ್ಲರಿಗೂ ತಿಳಿಯಿತು. ರಾಜಶೇಖರರ ಮನೆ ನಡೆಯುತ್ತಿದ್ದುದು ಹೆಂಡತಿ ಶಾಂಭವಿಯ ರೊಟ್ಟಿಯ ಮೇಲೆ. ಆಕೆ ವಿದ್ಯಾನಗರದ ಎರಡು ಖಾನಾವಳಿಗಳಿಗೆ ದಿನಾ ಮುನ್ನೂರು ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಗಂಡ ಮಂದಿಯ ಮನೆಯ ಆದಾಯ ಕೇಳಿಕೊಂಡು ತಿರುಗುತ್ತಾನೆ, ತನ್ನ ಮನೆಯದನ್ನು ಕೇಳುವುದಿಲ್ಲ ಎಂದು ಚುಚ್ಚುವುದನ್ನೂ ಆಕೆ ಈಚೆಗೆ ಬಿಟ್ಟಿದ್ದಳು. ಚುಚ್ಚಲಿಕ್ಕೂ ಒಂದಿಷ್ಟು ಹುರುಪು ಬೇಕು.

ರಾಜಶೇಖರರಿಗೆ ಆಸ್ತಿ ಎಂದು ಇದ್ದದ್ದು ಒಂದೇ: ಅವರ ಸಹಿ. ಪ್ರತಿ ನಮೂನೆಯ ಕೊನೆಗೆ 'ಪರಿಶೀಲಿಸಿದೆ' ಎಂಬ ಜಾಗ ಇರುತ್ತದೆ. ಅಲ್ಲಿ ರಾ. ಹೊಂಬಳ ಎಂದಿದ್ದರೆ ಆ ಮನೆ ಖರೇ ಇದೆ, ಆ ಮಾತು ಖರೇ ಆಡಿದ್ದು ಎಂದು ಅರ್ಥ. ಒಮ್ಮೆ ಒಬ್ಬ ಹುಡುಗ ಬೇವಿನ ಮರದ ಕೆಳಗೆ ಕುಳಿತು ನಲವತ್ತು ಮನೆಯ ಉತ್ತರ ತಾನೇ ತುಂಬಿ ತಂದಿದ್ದ. ನಲವತ್ತೂ ಮನೆಯಲ್ಲಿ ಎರಡೆರಡೇ ಮಕ್ಕಳಿದ್ದದ್ದು ನೋಡಿ ರಾಜಶೇಖರ ಎಲ್ಲವನ್ನೂ ಹರಿದು ಹಾಕಿ, ಮೇ ತಿಂಗಳ ಬಿಸಿಲಿನಲ್ಲಿ ಆ ನಲವತ್ತು ಮನೆ ತಾವೇ ಸುತ್ತಿದರು. ಹೊಸ ಹುಡುಗರಿಗೆ ತರಬೇತಿ ಕೊಡುವಾಗ ಅವರ ಪಾಠವೂ ಒಂದೇ.

"ನಿಮ್ಮ ಶಾಣ್ಯಾತನ ಮನ್ಯಾಗ ಇಟ್ಟ ಬರ್ರಿ. ಅವರ ಬಾಯಾಗ ಏನ ಬರತೈತಿ, ಅದನ್ನ ಬರೀರಿ. ಒಂದ ಅಕ್ಷರ ನಿಮ್ಮದು ಕೂಡಸಬ್ಯಾಡ್ರಿ."

ಹೋದ ವರ್ಷ ಮುಂಬೈಯ ಒಂದು ಟ್ರಸ್ಟು ನೀರಿನ ಅಧ್ಯಯನ ಕೊಟ್ಟಿತು. ಊರಿನ ಕೆಲವು ವಾರ್ಡುಗಳಲ್ಲಿ ನೀರು ಬಿಡುವ ಗುತ್ತಿಗೆಯನ್ನು ಪಾಲಿಕೆಯಿಂದ ಒಂದು ಕಂಪನಿ ಹಿಡಿದಿತ್ತು. ಏಳು ದಿನಕ್ಕೆ ಒಮ್ಮೆ ಬಿಡಲೇಬೇಕು, ಒಂದು ದಿನ ತಡವಾದರೂ ದಂಡ ಎಂದು ಕರಾರು. ಕಂಪನಿ ಮಾತು ಉಳಿಸಿಕೊಂಡಿದೆಯೇ ಎಂದು ಆರುನೂರಾ ನಲವತ್ತು ಮನೆ ಕೇಳಿ ಬರಬೇಕು. ದೆಹಲಿಯಲ್ಲಿ ಓದಿ ಹೊಸದಾಗಿ ಸೇರಿದ್ದ ಪ್ರಾಚಿ ಎಂಬ ಹುಡುಗಿ ಪ್ರಶ್ನೆಗಳನ್ನೆಲ್ಲ ಟ್ಯಾಬಿಗೆ ಹಾಕಿದಳು. ಕಾಗದ ಇಲ್ಲ, ಶಾಯಿ ಇಲ್ಲ. ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬಲ್ಲಿ ಒಂದು ಅಂಕಿ ಒತ್ತಿದರೆ ಅದು ಹಾಗೇ ಹೋಗಿ ಕಂಪ್ಯೂಟರಿನಲ್ಲಿ ಕೂಡುತ್ತದೆ. ಹುಡುಗರು ಕೇಳಿ ತಂದ ಪ್ರತಿ ಮನೆಯ ಉತ್ತರದ ಮುಂದೆ ರಾಜಶೇಖರ ಸಹಿಯ ಬದಲು ತಮ್ಮ ಹೆಸರಿನ ಮೇಲೆ ಬೆರಳು ಒತ್ತಿದರು, ಆರುನೂರಾ ನಲವತ್ತು ಸಲ.

ನೂರಕ್ಕೆ ಎಪ್ಪತ್ತೊಂದು ಮನೆ ಎಂಟು ದಿನ ಎಂದಿದ್ದವು. ಕರಾರಿಗಿಂತ ಒಂದು ದಿನ ತಡ. ಕರಡು ವರದಿ ಹೋದದ್ದೇ ತಡ, ಪತ್ರಿಕೆಯೊಂದರಲ್ಲಿ 'ಏಳಲ್ಲ, ಎಂಟು' ಎಂದು ಸುದ್ದಿ ಬಂತು. ಟ್ರಸ್ಟಿನವರು ಫೋನು ಮಾಡಿ ಹೊಗಳಿದರು. ಅಂತಿಮ ವರದಿ ಕೈಸೇರಿದ ಮೇಲೆ ಮೂರು ವರ್ಷದ ದೊಡ್ಡ ಅನುದಾನದ ಮಾತು ಆಡೋಣ ಎಂದರು. ಸುಹಾಸಿನಿ ಅವತ್ತು ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಿದರು, ಚಹಾದಲ್ಲಿ ಹಾಲೂ ಇತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ರಾಜಶೇಖರ, ಇನ್ನು ಕೊನೆಯ ತನಕ ಪಗಾರದ ಚಿಂತೆ ಇಲ್ಲ ಎಂದು ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟರು.

ಒಂದು ಕೆಲಸ ಬಾಕಿ ಇತ್ತು. ಅಂತಿಮ ವರದಿಗೆ ಮೊದಲು ನಲವತ್ತು ಮನೆಗಳಿಗೆ ಮತ್ತೆ ಹೋಗಿ ಉತ್ತರ ತಾಳೆ ನೋಡಬೇಕೆಂಬುದು ಟ್ರಸ್ಟಿನ ನಿಯಮ. ರಾಜಶೇಖರ ಹಾಗೆ ಬೈರಿದೇವರಕೊಪ್ಪದ ರೆಹಮತ್‌ಬಿಯ ಮನೆಗೆ ಹೋದರು. ಅರವತ್ತು ದಾಟಿದ ಹೆಂಗಸು, ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಇವರು ಐದು ನಿಮಿಷ ಎಂದರು. ಆಕೆ ನಕ್ಕು ಚಾಪೆ ಹಾಸಿದಳು. ನೀರಿನ ಪ್ರಶ್ನೆ ಬಂತು.

"ಎಂಟ ದಿನಕ್ಕೊಮ್ಮಿ ಬಿಡ್ತಾರ್ರಿ ಅಣ್ಣಾರ," ಎಂದಳು ರೆಹಮತ್‌ಬಿ. "ಸೋಮವಾರ ಬಿಟ್ರ ಮತ್ತ ಸೋಮವಾರ. ನನ್ನ ಮಗನ ಬಿಡ್ತಾನಲ್ರಿ."

ರಾಜಶೇಖರ ಬೆರಳು ಒತ್ತಲು ಹೋದವರು ಹಾಗೇ ನಿಂತರು. ಸೋಮವಾರದಿಂದ ಸೋಮವಾರಕ್ಕೆ ಏಳು ದಿನ. ಇದು ಬಿಡಿಸಲಾಗದ ಗಣಿತವೇನಲ್ಲ. ಈ ಭಾಗದಲ್ಲಿ ವಾರಕ್ಕೆ ಎಂಟು ದಿನ ಎನ್ನುತ್ತಾರೆ, ಎರಡು ವಾರಕ್ಕೆ ಹದಿನೈದು ದಿನ ಎನ್ನುತ್ತಾರೆ. ಹೋದ ದಿನವನ್ನೂ ಎಣಿಸುತ್ತಾರೆ, ಬಂದ ದಿನವನ್ನೂ ಎಣಿಸುತ್ತಾರೆ. ರಾಜಶೇಖರರ ಮನೆಗೂ ಬುಧವಾರಕ್ಕೊಮ್ಮೆ ನೀರು ಬರುತ್ತದೆ, ಶಾಂಭವಿಯೂ ಎಂಟು ದಿನಕ್ಕೊಮ್ಮೆ ಎಂದೇ ಅನ್ನುತ್ತಾಳೆ. ಕಾಗದದ ಕಾಲದಲ್ಲಿ ಹುಡುಗರು ಜನರ ಮಾತು ಇದ್ದ ಹಾಗೇ ಬರೆದು ತರುತ್ತಿದ್ದರು. ರಾಜಶೇಖರ ಮೇಜಿನ ಮುಂದೆ ಕುಳಿತು, ಎಂಟು ದಿನ ಎಂದಿದ್ದಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ 'ವಾ' ಎಂದು ಗೀಚುತ್ತಿದ್ದರು. ವಾ ಅಂದರೆ ವಾರ. ಮೂವತ್ತು ವರ್ಷ ಗೀಚಿದ್ದಕ್ಕೆ ಅದೊಂದು ಕೆಲಸ ಎಂದು ಅವರಿಗೇ ಅನಿಸಿರಲಿಲ್ಲ. ಟ್ಯಾಬು ಬಂದಾಗ ಆ ಮೇಜು ಹೋಯಿತು, ಪೆನ್ಸಿಲು ಹೋಯಿತು. ಬಾಯಿಗೆ ಬಂದದ್ದನ್ನೇ ಬರೆಯಿರಿ ಎಂಬ ಅವರ ಪಾಠ ಮಾತ್ರ ಉಳಿಯಿತು. ಹುಡುಗರು ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿ ಎಂಟು ಒತ್ತಿದ್ದರು.

ರೆಹಮತ್‌ಬಿ ಇನ್ನೂ ಮಾತಾಡುತ್ತಿದ್ದಳು. ಆಕೆಯ ಮಗ ಫಾರೂಕ ಆ ಕಂಪನಿಯಲ್ಲಿ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವವ. ಹನ್ನೊಂದು ವರ್ಷದ ನೌಕರಿ. ಪೇಪರಿನಲ್ಲಿ ಸುದ್ದಿ ಬಂದ ಮೇಲೆ ಕಂಪನಿಯವರು ಬೇರೇನೂ ಮಾಡಲಿಲ್ಲ, ನೀರು ಬಿಡುವ ಎಂಟು ಮಂದಿಗೆ ತಿಂಗಳ ಗಡುವಿನ ನೋಟೀಸು ಕೊಟ್ಟರು.

"ಒಂದ ದಿನಾ ತಡಾ ಮಾಡಿ ಬಿಡ್ತಾನ ಅಂತ ಯಾರೋ ಬರದ ಕೊಟ್ಟಾರಂತ್ರಿ," ಎಂದಳು ಆಕೆ. "ಮೈಯಾಗ ಜ್ವರಾ ಇದ್ರೂ ಅವ ಸೋಮವಾರ ತಪ್ಪಿಸಿಲ್ಲ."

ರಾಜಶೇಖರ ನೀರು ಕೇಳಿ ಕುಡಿದು ಎದ್ದರು. ಮುಂದೆ ಮೂರು ದಿನ ಉಳಿದ ಮೂವತ್ತೊಂಬತ್ತು ಮನೆ ಸುತ್ತಿದರು. ಎಷ್ಟು ದಿನಕ್ಕೊಮ್ಮೆ ಎಂದು ಕೇಳುವುದನ್ನು ಬಿಟ್ಟು, ಯಾವ ವಾರ ಬರುತ್ತದೆ ಎಂದು ಕೇಳಿದರು. ಗುರುವಾರ ಎಂದರು, ಶನಿವಾರ ಎಂದರು, ಎಂದೂ ತಪ್ಪಿಲ್ಲ ಎಂದರು. ನಾಲ್ಕು ಮನೆಯವರು ಮಾತ್ರ ಹೇಳಲಿಕ್ಕೆ ಬರುವುದಿಲ್ಲ, ಮನಸ್ಸಿಗೆ ಬಂದಾಗ ಬಿಡುತ್ತಾರೆ ಎಂದು ಬೈದರು. ಆ ಬೈಗುಳ ಕೇಳಿ ರಾಜಶೇಖರರಿಗೆ ಸಂತೋಷವಾಯಿತು. ಇನ್ನೊಂದಿಷ್ಟು ಮಂದಿ ಹಾಗೆ ಬೈಯಲಿ ಎಂದು ಆಸೆಪಟ್ಟರು, ಆಸೆಪಟ್ಟದ್ದಕ್ಕೆ ನಾಚಿಕೊಂಡರು. ಮೂರನೆಯ ದಿನ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕುಳಿತಾಗ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗಿಬಿಟ್ಟರು.

ಮನೆಯಲ್ಲಿ ಶಾಂಭವಿಗೆ ಎಲ್ಲ ಹೇಳಿದರು. ತಪ್ಪಾಗಿದೆ ಎಂದು ಕೇಂದ್ರದಲ್ಲಿ ಹೇಳಿದರೆ ಅನುದಾನ ಹೋಗುತ್ತದೆ, ಅದರ ಜೊತೆ ಬಹುಶಃ ನೌಕರಿಯೂ. ಹೇಳದಿದ್ದರೆ ಎಂಟು ಮಂದಿಯ ನೌಕರಿ ಹೋಗುತ್ತದೆ, ಅದೂ ತಮ್ಮ ಹೆಸರಿನ ಮೇಲೆ. ಆಕೆ ಹಿಟ್ಟಿನ ಕೈ ತೊಳೆದುಕೊಂಡು ಗಂಡನ ಮುಖ ನೋಡಿದಳು.

"ನೀವಂತೂ ಹೇಳಾವ್ರ ಇದ್ದೀರಿ," ಎಂದಳು. "ಮೊದಲ ಉಣ್ರಿ."

ಮರುದಿನ ಸುಹಾಸಿನಿಯವರ ಕೋಣೆಯಲ್ಲಿ ರಾಜಶೇಖರ ನಿಂತುಕೊಂಡೇ ಹೇಳಿದರು. ಕೂಡ್ರಿ ಎಂದರೂ ಕೂಡ್ರಲಿಲ್ಲ. ಸುಹಾಸಿನಿ ಕೆಟ್ಟವರಲ್ಲ, ಧಾರವಾಡದ ಸಾಲೆ ಮಾಸ್ತರರ ಮಗಳು, ಒಂದು ಅಂಕಿ ತಪ್ಪಿದರೂ ನಿದ್ದೆ ಬಾರದ ಪೈಕಿ. ಆದರೆ ಎಂಟು ತಿಂಗಳು ಸಂಬಳವಿಲ್ಲದೆ ದುಡಿದವರಿಗೆ ಒಮ್ಮೆಯಾದರೂ ಸುಮ್ಮನಿದ್ದುಬಿಡೋಣ ಅನಿಸುವುದು ಸಹಜ. ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ಒಂದು ಅಡಿಟಿಪ್ಪಣಿ ಹಾಕಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದರು.

"ಅಡಿಟಿಪ್ಪಣಿನ ಆ ಕಂಪನಿ ಮಂದಿ ಓದೂದಿಲ್ರಿ ಮೇಡಂ."

"ಹನ್ನೊಂದು ಮನಿ ಒಲಿ ಇದರ ಮ್ಯಾಲ ಅದ, ರಾಜಶೇಖರ ಅವ್ರ."

"ಹೌದ್ರಿ. ಅದರಾಗ ನಂದೂ ಒಂದ ಐತಿ." ರಾಜಶೇಖರರ ದನಿಯಲ್ಲಿ ಹಟ ಇರಲಿಲ್ಲ, ದಣಿವು ಇತ್ತು. "ಕಳಸೂದಾದ್ರ ಕಳಸ್ರಿ. ಆರನೂರಾ ನಲವತ್ತ ಮನಿ ಮುಂದ ನನ್ನ ಹೆಸರ ಐತಿ, ಅದನ್ನ ತಗದ ಕಳಸ್ರಿ. ನಾ ಮತ್ತೇನೂ ಕೇಳಂಗಿಲ್ಲ."

ಆ ಹೆಸರು ತೆಗೆದರೆ ಅಲ್ಲಿ ಅಧ್ಯಯನ ಎಂಬುದೇ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡು ದಿನ ಕಳೆಯಿತು. ಗುರುವಾರ ಸುಹಾಸಿನಿ ತಾವೇ ಟ್ರಸ್ಟಿಗೂ ಪಾಲಿಕೆಗೂ ಪತ್ರ ಬರೆದರು. ತಪ್ಪು ರಾಜಶೇಖರರದು ಎಂದಾಗಲಿ ಪ್ರಾಚಿಯದು ಎಂದಾಗಲಿ ಬರೆಯಲಿಲ್ಲ, ಕೇಂದ್ರದ್ದು ಎಂದು ಬರೆದರು. ಆಮೇಲೆ ಹದಿನೈದು ದಿನ ಎಲ್ಲರೂ ಕುಳಿತು ಆರುನೂರು ಮನೆಗಳಿಗೆ ಫೋನು ಹಚ್ಚಿ ಯಾವ ವಾರ, ಯಾವ ವಾರ ಎಂದು ಕೇಳಿದರು. ಪ್ರಾಚಿ ಒಮ್ಮೆ ತಲೆ ಎತ್ತಿ, ನಿಮಗೆಲ್ಲ ಇದು ಮೊದಲೇ ಗೊತ್ತಿತ್ತಲ್ಲ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಗೊತ್ತಿದೆ ಎಂಬುದು ಗೊತ್ತಿರಲಿಲ್ಲ ಎಂದರು ರಾಜಶೇಖರ. ಆ ಹುಡುಗಿಗೆ ಅದು ಅರ್ಥವಾಯಿತು ಎಂಬುದೇ ಆ ಹದಿನೈದು ದಿನದಲ್ಲಿ ಅವರಿಗೆ ಸಿಕ್ಕ ಸಮಾಧಾನ.

ಎಪ್ಪತ್ತೊಂದು ಇದ್ದದ್ದು ಒಂಬತ್ತಕ್ಕೆ ಇಳಿಯಿತು. ಅಂದರೆ ಕಂಪನಿ ಬಹುಮಟ್ಟಿಗೆ ಮಾತು ಉಳಿಸಿಕೊಂಡಿದೆ. ವಾರಕ್ಕೆ ಒಮ್ಮೆ ನೀರು ಬರುವುದೇ ಒಂದು ನಾಚಿಕೆಗೇಡು ಎಂದು ಹೇಳಲಿಕ್ಕೆ ಆ ವರದಿಯಲ್ಲಿ ಜಾಗ ಇರಲಿಲ್ಲ. ಕೇಳಿದ್ದು ತಡವಾಯಿತೇ ಎಂದು, ತಡವಾಗಿಲ್ಲ ಎಂಬುದು ಉತ್ತರ. ಟ್ರಸ್ಟಿನವರು ಬಹಳ ಗೌರವದಿಂದ ಪತ್ರ ಬರೆದು, ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚಿದ್ದೇವೆ ಎಂದರು. ಕೊನೆಯ ಕಂತು ತಡೆಹಿಡಿದರು, ಮೂರು ವರ್ಷದ ಮಾತನ್ನು ಮತ್ತೆ ಎತ್ತಲಿಲ್ಲ. ಕಂಪನಿಯವರು ಪತ್ರಿಕಾಗೋಷ್ಠಿ ಕರೆದು, ಧಾರವಾಡದ ಒಂದು ಸಂಸ್ಥೆ ಸುಳ್ಳು ಸಮೀಕ್ಷೆ ಮಾಡಿ ನಮ್ಮ ಹೆಸರು ಕೆಡಿಸಿತ್ತು, ಸತ್ಯ ಹೊರಬಂದಿದೆ ಎಂದರು. ಅದನ್ನು ಹೊರಗೆ ತಂದವರು ಯಾರು ಎಂದು ಯಾರೂ ಕೇಳಲಿಲ್ಲ. ನೋಟೀಸುಗಳನ್ನು ಹಿಂದಕ್ಕೆ ಪಡೆದರು. ಅದೊಂದು ಒಳ್ಳೆಯದಾಯಿತು.

ಕೇಂದ್ರದ ಆಡಳಿತ ಮಂಡಳಿ ಸೇರಿ ಕ್ಷೇತ್ರ ವಿಭಾಗವನ್ನು ಮುಚ್ಚಿತು. ರಾಜಶೇಖರ ಮತ್ತು ಇನ್ನು ನಾಲ್ವರನ್ನು ತಿಂಗಳ ಕೊನೆಗೆ ಬಿಡುಗಡೆ ಮಾಡಬೇಕು, ಬರಬೇಕಾದ ಹಣವನ್ನು ಕಂತಿನಲ್ಲಿ ಕೊಡಬೇಕು ಎಂದು ಠರಾವು ಆಯಿತು. ಟೈಪು ಮಾಡುವವಳು ಎರಡು ತಿಂಗಳ ಹಿಂದೆಯೇ ಬೇರೆ ನೌಕರಿ ಹಿಡಿದಿದ್ದರಿಂದ ಆ ಐದೂ ಆದೇಶಗಳನ್ನು ರಾಜಶೇಖರರೇ ಟೈಪು ಮಾಡಿದರು, ತಮ್ಮದನ್ನು ಕೊನೆಗೆ. ಸುಹಾಸಿನಿ ಸಹಿ ಹಾಕುವಾಗ ಅತ್ತರು. ರಾಜಶೇಖರರಿಗೆ ಅಳು ಬರಲಿಲ್ಲ. ಎಲ್ಲಾದರೂ ಒಂದು ಕಡೆ ಕಾಲು ಚಾಚಿ ಮಲಗಬೇಕು ಅನಿಸಿತು, ಅಷ್ಟೇ.

ಅವರದೊಂದು ರೂಢಿ ಇತ್ತು. ಪ್ರತಿ ಅಧ್ಯಯನ ಮುಗಿದ ಮೇಲೆ, ಕೇಳಿದ ಮನೆಗಳಲ್ಲಿ ಒಂದಕ್ಕೆ ಹೋಗಿ, ನೀವು ಹೇಳಿದ್ದು ಇಂತಿಂಥ ಕಡೆ ಹೋಯಿತು, ಹೀಗೆ ಹೀಗೆ ಆಯಿತು ಎಂದು ಹೇಳಿ ಬರುವುದು. ಇದಕ್ಕೆ ಯಾವ ಯೋಜನೆಯಲ್ಲೂ ದುಡ್ಡಿಲ್ಲ. ಕೇಳಿಕೊಂಡು ಹೋದವನು ತಿರುಗಿ ನೋಡದಿದ್ದರೆ ನಾಳೆ ಯಾರು ಬಾಯಿ ಬಿಡುತ್ತಾರೆ ಎಂಬುದು ಅವರ ವಿಚಾರ. ಕೆಲಸ ಬಿಟ್ಟ ಮರುದಿನ ಮಧ್ಯಾಹ್ನ ಅವರು ರೆಹಮತ್‌ಬಿಯ ಮನೆಗೆ ಹೋದರು. ಈ ಸಲ ಐದು ನಿಮಿಷ ಎಂದು ಹೇಳಲಿಲ್ಲ.

ರೆಹಮತ್‌ಬಿ ಖುಷಿಯಾಗಿದ್ದಳು. ಫಾರೂಕ ಕೆಲಸಕ್ಕೆ ಹೋಗಿದ್ದ. ಒಳಗಿನಿಂದ ಕಪ್ಪು, ಬಸಿ ಸಮೇತ ಚಹಾ ತಂದಿಟ್ಟು, ನೋಟೀಸು ವಾಪಸು ಬಂದ ಕತೆ ಹೇಳಿದಳು.

"ನಮ್ಮ ಕಂಪನಿ ಸಾಹೇಬ್ರು ಛಲೋ ಮಂದಿರಿ, ಖರೇ ಯಾವುದು ಅಂತ ಹುಡಿಕಿ ತಗದ್ರು," ಎಂದಳು. "ಆ ಸುಳ್ಳ ಬರದಾಂವ ಯಾವ ಇದ್ನೋ, ಅವನ ಕೈಗಿ ಹುಳಾ ಬೀಳ್ಲಿ."

ಸುಮ್ಮನೆ ಚಹಾ ಕುಡಿದು ಬರಬಹುದಿತ್ತು. ಯಾರಿಗೂ ನಷ್ಟ ಇರಲಿಲ್ಲ, ಚಹಾವೂ ಚೆನ್ನಾಗಿತ್ತು. ರಾಜಶೇಖರ ಬಸಿಯನ್ನು ಕೆಳಗಿಟ್ಟರು.

"ಅದನ್ನ ಬರಸಿದಾಂವ ನಾನರಿ, ಅಕ್ಕಾರ."

ಆಕೆ ಚೇಷ್ಟೆ ಎಂದುಕೊಂಡು ನಕ್ಕಳು. ಆಮೇಲೆ ಅವರ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. ರಾಜಶೇಖರ ಮೊದಲಿನಿಂದ ಹೇಳಿದರು: ಟ್ಯಾಬು, ಎಂಟು, ಏಳು, ಕರಾರು, ಎಲ್ಲ.

"ಅಂದ್ರ ನಾ ಹೇಳಿದ್ದನ್ನ ಬರಕೊಂಡಿದ್ರೇನು?"

"ಹೌದ್ರಿ. ನೀವು ಎಂಟ ದಿನಾ ಅಂದ್ರಿ, ನಾವು ಎಂಟು ಅಂತ ಬರದ್ವಿ."

ಆಕೆ ಬೈದಿದ್ದರೆ ರಾಜಶೇಖರ ತಡೆದುಕೊಳ್ಳುತ್ತಿದ್ದರು. ಬೈಯಲಿಲ್ಲ. ನೆಲ ನೋಡುತ್ತ, ಹಾಗಾದರೆ ತನ್ನ ಬಾಯಿಯಿಂದಲೇ ತನ್ನ ಮಗನ ಅನ್ನ ಹೋಗುತ್ತಿತ್ತು ಎಂದಳು. ನಿಮ್ಮದೇನೂ ತಪ್ಪಿಲ್ಲ, ತಪ್ಪೆಲ್ಲ ನಮ್ಮದು ಎಂದು ರಾಜಶೇಖರ ಬಗೆಬಗೆಯಾಗಿ ಹೇಳಿದರು. ಜನರ ಮಾತನ್ನು ಬಿಡಿಸಿ ಹೇಳುವುದೇ ಉದ್ಯೋಗವಾಗಿದ್ದ ಮನುಷ್ಯನಿಗೆ ಅದೊಂದನ್ನು ಆಕೆಗೆ ಒಪ್ಪಿಸಲಾಗಲಿಲ್ಲ. ರೆಹಮತ್‌ಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಚಾ ಆರತೈತಿ, ಕುಡೀರಿ," ಎಂದಳು. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ಇನ್ನ ಮ್ಯಾಲ ಯಾರ ಕೇಳಾಕ ಬಂದ್ರೂ ನಾ ಏನೂ ಹೇಳಂಗಿಲ್ಲ."

ಅದಕ್ಕೆ ಉತ್ತರವಾಗಿ ಹೇಳಬಹುದಾದ ಮಾತುಗಳು ರಾಜಶೇಖರರಿಗೆ ಬಾಯಿಪಾಠ ಬರುತ್ತಿದ್ದವು. ಹೇಳಿದರೆ ನಿಮಗೇ ಒಳ್ಳೆಯದು, ಹೇಳಿದರೆ ಸರ್ಕಾರಕ್ಕೆ ಮುಟ್ಟುತ್ತದೆ ಎಂದು ಮೂವತ್ತೊಂದು ವರ್ಷ ಎಷ್ಟೋ ಹೊಸ್ತಿಲುಗಳಲ್ಲಿ ಹೇಳಿ ನಂಬಿಸಿದ್ದರು. ಅವರು ಉಳಿದ ಚಹಾ ಕುಡಿದು, ಬಸಿಯ ಮೇಲೆ ಕಪ್ಪು ಬೋರಲು ಹಾಕಿದರು.

"ಹೇಳಬ್ಯಾಡ್ರಿ ಅಕ್ಕಾರ," ಎಂದು ಎದ್ದರು.